ಬಿದ್ದ ಗರ

ಗಾಳಿ ಇಲ್ಲ. ಹೊರಡುವ ಮಾತೂ ಇಲ್ಲ.
ಗೋಕೋವಾ ಕೊಲ್ಲಿಯ ಈ ಮೂಲೆಯಲ್ಲಿ
ಪೈನ್ ಮರಗಳು ನೀರಿನ ತೀರ ಹತ್ತಿರ ನಿಂತಿವೆ,
ಏನೋ ಕೇಳಲು ಬಂದು ಮರೆತವರ ಹಾಗೆ.

ನೆರ್ಮಿನ್ ಸೌತೆಕಾಯಿ ಹೆಚ್ಚುತ್ತಾಳೆ, ಸಿಪ್ಪೆ ಮೀನಿಗೆ.
ತುಂಜಾಯ್ ಎಂಜಿನ್ನಿನ ಹೊಟ್ಟೆಯೊಳಗೆ ತಲೆ ತೂರಿಸಿ
ಯಾರನ್ನೋ ಬೈಯುತ್ತಿದ್ದಾನೆ, ಮೆತ್ತಗೆ.

ನಾನೂ ರಾಸಿಮನೂ ಪಗಡೆಗೆ ಕೂತಿದ್ದೆವು.
ಅವನೆಸೆದ ದಾಳ ಹಲಗೆ ದಾಟಿ, ದೋಣಿಯ ಅಂಚು ದಾಟಿ
ಪುಳಕ್.

ಮೂರಾಳು ನೀರು.
ತಳದ ಮರಳಲ್ಲಿ, ಲಂಗರಿನ ಸರಪಳಿಯ ಪಕ್ಕ
ಅಕ್ಕಿಕಾಳಿನಷ್ಟು ಬೆಳ್ಳಗೆ ಕಾಣುತ್ತದೆ.
"ಐದು" ಎಂದ ಅವನು.
"ಎರಡು" ಎಂದೆ.
ನೆರ್ಮಿನ್ ಚಾಕು ಹಿಡಿದೇ ಬಗ್ಗಿ ನೋಡಿ
"ಈಗೊಂದು ಏಡಿ ಬಂದು ಮಗುಚಿತು" ಎಂದಳು.

ಮುಳುಗಿ ತರಬಹುದಿತ್ತು.
ತಂದರೆ ಗರ ಕೆಡುತ್ತದಲ್ಲ.

ಚಹಾ ಆಯಿತು. ನಿದ್ದೆ ಆಯಿತು. ಇನ್ನೊಮ್ಮೆ ಚಹಾ.
ದೋಣಿ ತನ್ನಷ್ಟಕ್ಕೆ ಅರ್ಧ ಸುತ್ತು ತಿರುಗಿ
ತನ್ನ ನೆರಳನ್ನು ದಾಳದ ಮೇಲೆ ಎಳೆದುಕೊಂಡಿತು.
ತುಂಜಾಯ್ ಮಸಿಗೈಯಲ್ಲಿ ಮೇಲೆ ಬಂದು
"ಸರಿಯಾಯ್ತು, ಹೊರಡೋಣ" ಎಂದ.
ಯಾರೂ ಏಳಲಿಲ್ಲ. ಅವನೂ ಕೂತ.

ಕತ್ತಲಾಗಿ ಎಷ್ಟೋ ಹೊತ್ತಿನ ಮೇಲೆ
ಹೊದಿಕೆಯೊಳಗಿಂದ ರಾಸಿಮನ ದನಿ:
"ಐದೇ ಅದು."