ಲೈನ್ ಕ್ಲಿಯರ್

ಮೈಲಾರಿ ಸತ್ತ ಮೇಲೆ ನಲವತ್ತೊಂದು ದಿನ
ನಾನು ಕಂಬ ಹತ್ತಲಿಲ್ಲ.
ಬೆನ್ನುನೋವು ಅಂತ ಬರೆದುಕೊಟ್ಟೆ.
ಅರಸೀಕೆರೆಯ ನಮ್ಮ ಆಫೀಸಿನಲ್ಲಿ
ಪವರ್‌ಮ್ಯಾನಿನ ಬೆನ್ನುನೋವು ಅಂದರೆ ಏನೆಂದು
ಎಲ್ಲರಿಗೂ ಗೊತ್ತು. ಯಾರೂ ಕೇಳಲಿಲ್ಲ.

ಅವತ್ತು ಲೈನ್ ಕ್ಲಿಯರ್ ತಗೊಂಡೇ ಹತ್ತಿದ್ದ ಅವನು.
ಹಾರನಹಳ್ಳಿ ರಸ್ತೆಯ ಯಾವುದೋ ಛತ್ರದಲ್ಲಿ
ಆರತಕ್ಷತೆ, ಜನರೇಟರ್,
ತಪ್ಪು ಕಡೆ ತಿರುಗಿದ ಒಂದು ಹಿಡಿ.
ಸತ್ತ ತಂತಿಗೆ ಹಿತ್ತಲ ಬಾಗಿಲಿಂದ ಜೀವ ಬಂತು,
ಇವನದು ಹೋಯಿತು.
ಕೆಳಗೆ ಹಗ್ಗ ಹಿಡಿದು ನಿಂತವನು ನಾನು.
ಆಗ ಆ ಹಗ್ಗ ಎಷ್ಟು ಹಗುರವಾಯಿತು ಎಂದು
ಇನ್ನೂ ಯಾರಿಗೂ ಹೇಳಿಲ್ಲ.

ಆಮೇಲೆ ಭಯ ಮನೆಗೆ ಬಂತು.
ಸ್ವಿಚ್ಚಿನಲ್ಲಿ ಕೂತಿತು, ಮಿಕ್ಸಿಯ ಸದ್ದಿನಲ್ಲಿ ಕೂತಿತು,
ಮಗಳು ಒದ್ದೆ ಕೈಯಲ್ಲಿ ಫೋನ್ ಚಾರ್ಜಿಗೆ ಹಾಕಿದರೆ
ನನ್ನ ಗಂಟಲಲ್ಲಿ ಕೂಗಾಗಿ ಎದ್ದಿತು.
ಇಪ್ಪತ್ತು ವರ್ಷ ಊರಿಗೆ ದೀಪ ಹಚ್ಚಿದವನು
ಕತ್ತಲಲ್ಲೇ ತಡವಿಕೊಂಡು ಬಚ್ಚಲಿಗೆ ಹೋಗುತ್ತಿದ್ದೆ.

ಮಠದ ಅಯ್ನೋರು ತೆಂಗಿನಕಾಯಿ ಸುಲಿಯುತ್ತ ಕೂತಿದ್ದರು.
ತಾಯಿತ ಕಟ್ಟಿಕೊಡಿ ಅಂದೆ.
"ಕೊರಳಲ್ಲಿರೋದೇನು ಮತ್ತೆ?"
ನಾಚಿಕೆಯಾಯಿತು. ದೀಕ್ಷೆಯ ದಿನ ಕಟ್ಟಿಕೊಂಡದ್ದು,
ಸಾವಿರ ಸಲ ನೆನೆದು ಒಣಗಿದ್ದು.
ಕರಡಿಗೆ ಬಿಚ್ಚಿ ನೋಡಿದ್ದು ಯಾವಾಗ?
"ಇದೇನು ಮಾಡುತ್ತೆ?" ಅಂದೆ.
"ಏನೂ ಮಾಡಲ್ಲ. ನೋಡೋನು ನೀನು.
ಕೈ ನಡುಗಿದರೆ ನಡುಗಲಿ, ಕಣ್ಣು ಕೀಳಬೇಡ."
ಇಷ್ಟೇ ಹೇಳಿ ಇನ್ನೊಂದು ಕಾಯಿಗೆ ಕೈಹಾಕಿದರು.

ಬೆಳಗಿನ ನಾಲ್ಕೂವರೆ. ರೈಲು ಕೂಗಿ ಹೋದ ಮೇಲೆ
ವಿಭೂತಿ, ಮಣೆ, ಬೆನ್ನ ಹಿಂದೆ ಎಣ್ಣೆದೀಪ.
ಎಡಗೈಯ ಮೇಲೆ ಲಿಂಗ, ನೇರಳೆಹಣ್ಣಿನ ಕಪ್ಪು,
ಆ ಕಪ್ಪಿನಲ್ಲಿ ಸಾಸಿವೆಯಷ್ಟು ಬೆಳಕು.
ನಿಲ್ಲಲಿಲ್ಲ ಅದು.
ಕೈ ಅದುರಿತು, ಬೆಳಕು ಬಾಣಲೆಯ ಸಾಸಿವೆಯಂತೆ ಸಿಡಿಯಿತು.
ಮೊದಲ ದಿನ ಮೂರು ನಿಮಿಷ, ಎದ್ದುಬಿಟ್ಟೆ.
ಎರಡನೆಯ ದಿನ ಮೈಲಾರಿ ಬಂದ,
ಸುಟ್ಟ ವಾಸನೆಯ ಸಮೇತ.

ಹನ್ನೊಂದನೆಯದೋ ಹನ್ನೆರಡನೆಯದೋ ದಿನ
ಗೊತ್ತಾಯಿತು, ನಡುಕ ಕೈಯದಲ್ಲ.
ಹೊಕ್ಕುಳಿಂದ ನಾಲ್ಕು ಬೆರಳು ಮೇಲೆ ಹುಟ್ಟಿ
ಪಕ್ಕೆ ದಾಟಿ, ಮೊಣಕೈ ಹಿಡಿದು
ಬೆರಳಿಗಿಳಿಯುತ್ತದೆ, ಫೀಡರಿನ ನಕ್ಷೆಯ ಹಾಗೆ.
ಕರೆಂಟು ಎಲ್ಲಿಂದ ಬರುತ್ತಿದೆ ಎಂದು ಹುಡುಕುವುದೇ
ನನ್ನ ಕಸುಬು. ಹುಡುಕಿದೆ. ಬುಡಕ್ಕೆ ಹೋದೆ.

ಬುಡದಲ್ಲಿ ಸಾವಿನ ಹೆದರಿಕೆ ಇರಲಿಲ್ಲ.
ಜನರೇಟರಿನ ಸದ್ದು ಇತ್ತು.
ಅವತ್ತು ನನಗೆ ಕೇಳಿಸಿತ್ತು ಅದು.
ಕೇಳಿಸಿಯೂ ನಾನು ಬೀಡಿ ಹಚ್ಚುತ್ತಿದ್ದೆ.

ಚುಕ್ಕಿ ಆಗ ಕೈಯಲ್ಲಿ ನಡುಗಲಿಲ್ಲ,
ಕಣ್ಣಲ್ಲಿ ಕದಡಿತು.

ಅವನ ಹೆಂಡತಿ ರಂಗಲಕ್ಷ್ಮಿಗೆ ಹೋಗಿ ಹೇಳಿದೆ,
ಬೀಡಿಯದನ್ನೂ ಬಿಡದೆ.
ಅವಳು ಬಹಳ ಹೊತ್ತು ಏನೂ ಅನ್ನಲಿಲ್ಲ.
ಒಳಗೆ ಹೋಗಿ ಒಂದು ಚೊಂಬು ನೀರು ತಂದಳು.
ಕ್ಷಮೆಯೋ, ಬಂದವರಿಗೆ ಕೊಡುವ ಬರೀ ನೀರೋ?
ಕುಡಿದೆ.

ನಿನ್ನೆ ಜಾಜೂರಿನ ಹತ್ತಿರ ತೆಂಗಿನ ಗರಿ ಬಿದ್ದು
ತಂತಿ ಹರಿದಿತ್ತು. ನಾನೇ ಹೋಗುತ್ತೇನೆ ಅಂದೆ.
ಬೆಳ್ಳಿಯ ಕರಡಿಗೆ ಮನೆಯಲ್ಲೇ ಬಿಟ್ಟೆ, ಕಂಬಕ್ಕೆ ಲೋಹ ಕೂಡದು.
ಬಿಳಿ ಪಾವುಡದಲ್ಲಿ ಸುತ್ತಿ ಅಂಗಿಯೊಳಗೆ ಕಟ್ಟಿಕೊಂಡೆ.
ಸ್ಟೇಷನ್ನಿಗೆ ಎರಡು ಸಲ ಫೋನ್ ಮಾಡಿದೆ.
ಸುತ್ತಲ ಅಂಗಡಿ, ಮಿಲ್ಲು, ಛತ್ರ, ನಡೆದು ಕೇಳಿಬಂದೆ:
ಜನರೇಟರ್ ಇದೆಯಾ? ಆಫಾ? ತೋರಿಸಿ.
ಅರ್ಥ್ ರಾಡ್ ಹಾಕಿ ಹತ್ತಿದೆ.

ಮೇಲೆ, ಗ್ಲೌಸಿನೊಳಗೆ, ಎಡಗೈ ನಡುಗಿತು.
ಬಾ, ಅಂದೆ, ನಿನ್ನ ದಾರಿ ನನಗೆ ಗೊತ್ತು.
ಪಕ್ಕೆ ದಾಟುವವರೆಗೂ ನೋಡಿದೆ, ಮೊಣಕೈಗೆ ಬರುವವರೆಗೂ.
ಕೆಳಗೆ ಯಾರೋ ಬೈಕ್ ನಿಲ್ಲಿಸಿ ಕೂಗಿದರು,
"ಎಷ್ಟೊತ್ತಣ್ಣ, ಕರೆಂಟ್ ಕೊಡೋದು?"

ಇರಪ್ಪ,
ಇಲ್ಲೊಬ್ಬರು ಇಳೀತಾ ಇದಾರೆ.