ಎರಡನೇ ಕೀಲಿ

ಆಷಾಢದ ಗಾಳಿಗೆ ರೊಕ್ಕದ ಲೆಕ್ಕ ತಿಳಿಯೂದಿಲ್ಲ.
ಡಂಬಳದ ದಾರಿಯೊಳಗ, ಗಾಳಿಕಂಬ ಶುರುವಾಗೂ ತಿರುವಿನ್ಯಾಗ
ನಿನ್ನ ಸ್ಕೂಟಿಯನ್ನ ಎರಡು ಸರ್ತಿ ರಸ್ತೆಯಿಂದ ಇಳಿಸಿತು.
ಮೊದಲನೇ ಸರ್ತಿ ಸೀರಿ ಹರೀತು, ಎರಡನೇ ಸರ್ತಿ ಮೊಣಕೈ.
ಎಂಟನೇ ಇಯತ್ತೆಯ ಗಣಿತದ ಪೇಪರೆಲ್ಲ ಹಾರಿ
ಯಾರದೋ ಹೆಸರಿನ ಹೊಲದಾಗ ಬಿದ್ದವು.
'ಮೂವತ್ತೊಂದು ಸಿಕ್ಕವು, ಒಂದು ಇಲ್ಲ,
ಆ ಹುಡುಗಗ ಪೂರಾ ಮಾರ್ಕ್ಸು ಕೊಟ್ಟೆ' ಅಂತ ನಕ್ಕಿ
ಅರಿಷಿಣ ಹಚ್ಚಿಸಿಕೊಳ್ಳುತ್ತ.
ಆ ರಾತ್ರಿ ನಾ ಕಾರಿನ ಮಾತು ತಗದೆ.

ನನಗ ಗಾಡಿ ಹೊಡಿಯಾಕ ಬರೂದಿಲ್ಲ.
ನನಗ ಬರೂದು ಕಾಗದ.
ಬೆಟಗೇರಿಯ ಪ್ರೆಸ್ಸಿನ್ಯಾಗ ಇಪ್ಪತ್ತಾರು ವರ್ಷ
ಮಂದಿಯ ಮದುವಿ, ನಾಮಕರಣ, ತಿಥಿ ಮುದ್ರಿಸಿದ ಬೆರಳು ಇವು.
ಹಂಗಾಗಿ ಹುಬ್ಬಳ್ಳಿ ಗೋಕುಲ ರೋಡಿನ ಶೋರೂಮುಗಳೊಳಗ
ಒಂದೊಂದು ಬಾಗಿಲಾ ಬಡದು ನೋಡಿದೆ:
ಇದು ಪಾಂಪ್ಲೆಟ್ಟು.
ಇದು ಕ್ಯಾಲೆಂಡರು.
ಇದು, ಅಡ್ಡಿಯಿಲ್ಲ, ರಟ್ಟು.

ಶೋರೂಮಿನ ಹುಡುಗ ಮಾತಿಗೊಮ್ಮೆ ನನಗ 'ಸರ್' ಅಂದ.
ಮೈಲೇಜು ನನಗ ಹೇಳಿದ, ಏರ್‌ಬ್ಯಾಗು ನನಗ ಎಣಿಸಿದ,
ನಿನಗ ಬಣ್ಣ ತೋರಿಸಿದ.
ಕೆಂಪಿಗೆ ಐದು ಸಾವಿರ ಹೆಚ್ಚು. ಬಿಳಿ ಪುಕ್ಕಟ.
ಎಕ್ಸ್ ಶೋರೂಮ್ ಅಂದರ ನಿಶ್ಚಯ,
ಆನ್ ರೋಡ್ ಅಂದರ ಮದುವಿ ಖರ್ಚು:
ವಿಮಾ, ನೋಂದಣಿ, ಫಾಸ್ಟ್ಯಾಗು, ಕೆಸರಿನ ಪಟ್ಟಿ,
ಕಡೀಕ 'ಮ್ಯಾಟು ಫ್ರೀ ಸರ್'.

ನೀ ಕೇಳಿದ್ದು ಒಂದೇ ಮಾತು:
'ಅಡ್ಡಗಾಳಿಗೆ ಅಲುಗಾಡತೈತೇನು?'
ಹುಡುಗ ನಕ್ಕ, ಟಚ್‌ಸ್ಕ್ರೀನು ಹಚ್ಚಿದ.

ಚಪ್ಪಲಿ ಬಿಟ್ಟು ಒಳಗ ಕುಂತಿ.
ಭಕ್ತಿಗಲ್ಲ; ಬರಿಗಾಲು ಕ್ಲಚ್ಚಿಗೆ ಮುಟ್ಟತೈತೇನು ನೋಡಾಕ.
ಬೈಪಾಸಿಗೆ ಹೊಂಟಿವಿ. ಹಿಂದಿನ ಸೀಟಿನ್ಯಾಗ ನಾ,
ಮೊಣಕಾಲಿಗೆ ಗದ್ದ ಹಚ್ಚಿಕೊಂಡು.
ಗ್ಯಾಸಿನ ಟ್ಯಾಂಕರೊಂದು ಹಾದುಹೋತು.
ಆರು ಲಕ್ಷದೊಳಗಿನ ಗಾಡಿ ಗುಬ್ಬಿಯಂಗ ನಡುಗಿತು.
ಕನ್ನಡಿಯೊಳಗ ನಿನ್ನ ಕಣ್ಣು ನನ್ನ ಹುಡುಕಿದವು.
'ಇದಲ್ಲ' ಅಂದಿ.
ಹುಡುಗಗಲ್ಲ, ನನಗೂ ಅಲ್ಲ, ಎಲ್ಲೋ ಮುಂದಕ್ಕ ನೋಡಿ.

ರಟ್ಟಿನಂಥಾ ಗಾಡಿ ಎಪ್ಪತ್ತೆಂಟು ಸಾವಿರ ಮ್ಯಾಲ.
ತಿರುಗಿ ಬರೂ ಬಸ್ಸಿನ್ಯಾಗ ಅಣ್ಣಿಗೇರಿ ದಾಟೂತನಕ
ಇಬ್ಬರೂ ಉಸಿರು ಬಿಡಲಿಲ್ಲ.
ಆಮ್ಯಾಲ ಕೆಂಪು ಪೆನ್ನು ತಗದು, ತಪ್ಪು ತಿದ್ದಿದಂಗ
ಬ್ರೋಷರಿನ್ಯಾಗ ಒಂದೊಂದೇ ಹೊಡದು ಹಾಕಿದಿ.
ಹಾಡಿನ ಪೆಟಗಿ. ಹಿಂದಿನ ವೈಪರು. ಅಲಾಯ್ ಗಾಲಿ.
ಹಿಂದಿನ ಬಾಗಿಲಿಗೆ ಗುಂಡಿ ಒತ್ತೂ ಗಾಜು.
'ಹಿಂದ ಕೂಡೋವು ಪೇಪರು. ಅವಕ್ಕ ಗಾಜು ಇಳಿಸೂದ ಬ್ಯಾಡ.'
ಬಣ್ಣದ ಪುಟಕ್ಕ ಬಂದಾಗ ಪೆನ್ನು ಒಂದು ಗಳಿಗಿ ನಿಂತಿತು.
ನಾ ಕಿಟಕಿಯಾಚೆ ಎರಿ ಹೊಲ ನೋಡಿದೆ,
ಮದಲ ಯಾವತ್ತೂ ನೋಡೇ ಇಲ್ಲ ಅನ್ನೂವಂಗ.

ಇನ್ನೂ ಹನ್ನೆರಡು ಸಾವಿರ ಕಮ್ಮಿ.
ಅಷ್ಟನ್ನ ಬಿಡತೀನಿ ಅಂದ ಹುಡುಗ ಫೋನಿನ್ಯಾಗ,
ಈ ತಿಂಗಳದಾಗ ತಗೊಂಡರ, ಆಷಾಢದಾಗ ಗಿರಾಕಿ ಇಲ್ಲ.
ಅವ್ವ ರೊಟ್ಟಿ ತಟ್ಟೂದು ನಿಲ್ಲಿಸಿದಳು:
'ಆಷಾಢದಾಗ ಕಬ್ಬಿಣ ಮನಿಗೆ ತರತಾರೇನವ್ವಾ?'
'ಗಾಳಿ ಆಷಾಢದಾಗ ಬರತೈತ್ರಿ ಅತ್ತಿ,
ಗಾಡಿ ಶ್ರಾವಣದಾಗ ಬಂದರ ಏನ್ ಉಪಯೋಗ?'
ಅವ್ವ ಮತ್ತ ತಟ್ಟಾಕ ಹತ್ತಿದಳು. ಸ್ವಲ್ಪ ಜೋರಾಗಿ.
ಗಾಡಿ ಬಂದ ದಿನ ನಾಕೂ ಗಾಲಿಗೆ ನಿಂಬಿಹಣ್ಣು ಇಟ್ಟಾಕಿ ಆಕೀನ.

ಇವತ್ತ ಏಳೂವರಿಗೆ ನೀ ಹೋದಿ.
ಪುಕ್ಕಟದ ಬಿಳಿ. ಹಿಂದಿನ ಸೀಟಿನ್ಯಾಗ ಪೇಪರಿನ ಕಟ್ಟು,
ಅದಕ್ಕೂ ಬೆಲ್ಟು.

ಗಾಳಿ ಇಲ್ಲೂ ಬಂತು. ಪ್ರೆಸ್ಸಿನ ಬಾಗಿಲಾ ನೂಕಿ
ಹಾತಲಗೇರಿಯವರ ಮದುವಿ ಕಾರ್ಡಿನ ಗುಡ್ಡೆಗೆ ಕೈ ಹಾಕಿತು.
ಅಂಗಿ ಕಿಸೆದಾಗ ಸಿಕ್ಕಿದ್ದು ಎರಡನೇ ಕೀಲಿ,
ಗಾಡಿ ಹೊಡಿಯಾಕ ಬಾರದವಗ ಅಂತ ನೀ ಕೊಟ್ಟಿದ್ದು.
ಮ್ಯಾಲ ಇಟ್ಟೆ.
ಅಂಚು ಎರಡು ಸರ್ತಿ ಅಲುಗಾಡಿ, ನಿಂತವು.

ಗಡಿಯಾರ ನೋಡಿದೆ.
ಗಾಳಿಕಂಬದ ತಿರುವು ಈಗ ಬಂದಿರಬೇಕು.