ಕಾರಣದ ಕಾಲಂ

ಪಯಸ್ವಿನಿಯ ದಡದ ಪಂಪ್‌ಹೌಸಿನಲ್ಲಿ
ನನ್ನ ಜೊತೆ ರಾತ್ರಿಪಾಳಿಗೆ ಎಂಟು ಮಂದಿ.
ಗಾಜಿನ ತೊಟ್ಟಿ, ಹೊಳೆಯಿಂದಲೇ ಎಳೆದ ಸಪೂರ ಪೈಪು,
ಮರಳಲ್ಲಿ ಅರ್ಧ ಹೂತು ಕೂತ ಕಪ್ಪೆಚಿಪ್ಪುಗಳು.
ಸಂಬಳವಿಲ್ಲ, ರಜೆಯಿಲ್ಲ, ಬೀಡಿಗೆಂದು ಹೊರಗೆ ಹೋಗುವುದಿಲ್ಲ.

ಸಫೂರಾ ಮೇಡಂ ಒಂದೊಂದರ ಬೆನ್ನಿಗೂ
ಅಕ್ಕಿಕಾಳಿನಷ್ಟು ಅಯಸ್ಕಾಂತ ಅಂಟಿಸಿ ಹೋಗಿದ್ದಾರೆ.
ಬಾಯಿ ತೆರೆದರೆ ಪರದೆಯಲ್ಲಿ ಗೆರೆ ಮೇಲೆ,
ಮುಚ್ಚಿದರೆ ಕೆಳಗೆ.
"ಒಂದೆರಡು ಮುಚ್ಚಿದರೆ ಬಿಡಿ ಮಣಿಯಾಣಿಯವರೇ,
ಅವಕ್ಕೂ ನಿದ್ದೆ ಬರ್ತದೆ.
ಎಂಟೂ ಒಟ್ಟಿಗೆ ಮುಚ್ಚಿದರೆ ಮಾತ್ರ
ಯಾರನ್ನೂ ಕೇಳಬೇಡಿ, ಪಂಪು ನಿಲ್ಲಿಸಿ."

ನಾನು ನಕ್ಕಿದ್ದೆ.
ಇಂಥದೇ ಚಿಪ್ಪಿನ ನಡುವೆ, ಕಲ್ಲಿಗೆ ತಿಕ್ಕಿ, ತೂತು ಮಾಡಿ
ಅಜ್ಜಿ ಮಾವಿನಕಾಯಿಯ ಸಿಪ್ಪೆ ಹೆರೆಯುತ್ತಿದ್ದಳು;
ತೂತಿನೊಳಗಿಂದ ಹಸಿರು ಸುರುಳಿ ಸುರುಳಿ.
ಅಂಥದ್ದು ಈಗ ನನಗೆ ಮೇಲಧಿಕಾರಿ.

ಆಮೇಲೆ ಅಭ್ಯಾಸವಾಯಿತು.
ಮೂರನೆಯದು ಸೋಮಾರಿ, ಏಳನೆಯದಕ್ಕೆ ಲಾರಿಯ ಸದ್ದು ಆಗದು.
ದಿನಕ್ಕೆರಡು ಕೊಡ ಹೊಳೆ
ಒಂದೊಂದರ ಮೈಯೊಳಗೆ ಹಾದು ಬರುತ್ತದಂತೆ.
ಮೇಲಿನವರು ತೊಳೆದದ್ದು, ಚೆಲ್ಲಿದ್ದು, ಮರೆತದ್ದು ಎಲ್ಲ
ನಾಲಿಗೆಯಿಲ್ಲದ ಬಾಯಲ್ಲಿ ರುಚಿ ನೋಡುತ್ತವೆ.

ಮೊನ್ನೆ ರಾತ್ರಿ ಎರಡೂ ಹತ್ತಕ್ಕೆ
ಎಂಟು ಗೆರೆಗಳೂ ಒಮ್ಮೆಲೇ ಬಿದ್ದವು,
ಕರೆಂಟು ಹೋದಾಗ ಪೇಟೆಯ ದೀಪಗಳ ಹಾಗೆ.
ಪಂಪು ನಿಲ್ಲಿಸಿದೆ.
ಹದಿನಾಲ್ಕು ವರ್ಷದಲ್ಲಿ ಮೊದಲ ಸಲ
ಈ ಕೋಣೆಯೊಳಗೆ ಹೊಳೆಯ ಸದ್ದು ಕೇಳಿತು.

ಬೆಳಿಗ್ಗೆ ಫೋನು: ಆಸ್ಪತ್ರೆಯಿಂದ, ಹೋಟೆಲಿನಿಂದ,
ಮದುವೆ ಹಾಲಿನಿಂದ. ಎಂಜಿನಿಯರ್ ಮಲಯಾಳದಲ್ಲಿ ಬೈದರು,
ನಾನು ಕನ್ನಡದಲ್ಲಿ ಕೇಳಿಸಿಕೊಂಡೆ.
ಸಫೂರಾ ಮೇಡಂ ಬಾಟಲಿಯಲ್ಲಿ ನೀರು ಒಯ್ದರು.
"ತಾಮ್ರ ಇರಬೇಕು," ಎಂದರು, "ಎಲ್ಲಿಂದಲೋ."

ಎಲ್ಲಿಂದಲೋ.
ಹಿಂದಿನ ಸಂಜೆ, ಹಗಲಿನ ಕೂಲಿ ಮುಗಿಸಿ,
ಕಾಳುಮೆಣಸಿಗೆ ಮೈಲುತುತ್ತು ಹೊಡೆದ ಡ್ರಮ್ಮನ್ನು
ಮೇಲಿನ ಕಡವಿನಲ್ಲಿ ಬೋರಲು ಹಾಕಿ ತೊಳೆದವನು ನಾನು.
ನೀರು ಸ್ವಲ್ಪ ಹೊತ್ತು ನವಿಲಿನ ಕೊರಳಾಯಿತು,
ಆಮೇಲೆ ನೀರೇ ಆಯಿತು.
ಚಂದ ಅನಿಸಿತ್ತು.

ಲಾಗ್ ಪುಸ್ತಕದಲ್ಲಿ ಕಾಲಮ್ಮುಗಳ ಹೆಸರು ಮಲಯಾಳ.
ನಿಂತದ್ದು: 2.10.
ಮತ್ತೆ ಚಾಲೂ: ಮಧ್ಯಾಹ್ನ 12.40.
ಕಾರಣ ಎಂಬಲ್ಲಿ
'ಗೊತ್ತಿಲ್ಲ' ಎಂದು ಬರೆದ ಕೈಯ
ಉಗುರು ಸಂದಿ ಇನ್ನೂ ನೀಲಿ.

ನಿಜ ಹೇಳಿಸಲಿಕ್ಕೆ, ಬಾಯಿಬಿಡು ಎನ್ನುತ್ತೇವೆ.
ಇವು ಬಾಯಿ ಮುಚ್ಚಿ ಹೇಳಿದವು.
ನಾನೂ ಮುಚ್ಚಿದ್ದೇನೆ; ಅದು ಬೇರೆ.

ಉಳಿದ ಏಳೂ ಆ ಮಧ್ಯಾಹ್ನವೇ ತೆರೆದವಂತೆ.
ಮೂರನೆಯದು, ಆ ಸೋಮಾರಿ,
ಇವತ್ತು ನಡುರಾತ್ರಿ ದಾಟಿದ ಮೇಲೆ
ಕೂದಲೆಳೆಯಷ್ಟು ತೆರೆದಿದೆ.
ತೊಟ್ಟಿಯ ಒಳಗಾಜಿನ ಪಾಚಿ ಒರೆಸಬೇಕಿತ್ತು.
ಸೋಪು ಹಾಕಿ ಮೂರು ಸಲ ಕೈ ತೊಳೆದು,
ಹತ್ತಿರ ಹೋಗಿ,
ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು
ನಿಂತಿದ್ದೇನೆ.